ಬಲಕ್ಕೆ ವಾಲಿದ ಮುಳ್ಳು

ಅತ್ತೆಯ ಬಾಯಿಂದ ಮಾತೊಂದು ಹೊರಬಿತ್ತೆಂದರೆ ಮುಗಿಯಿತು, ತಲೆಯ ಮೇಲೆ ತಲೆ ಬಿದ್ದರೂ ಅದು ಹಿಂದಕ್ಕೆ ಹೋಗುವುದಿಲ್ಲ. ಅದಕ್ಕೇ ಶನಿವಾರ ಮಧ್ಯಾಹ್ನ ಊಟದ ಮೇಜಿನ ಮುಂದೆ ಅವರು ಮಗನ ಕಡೆ ಸೌಟು ತೋರಿಸುತ್ತಾ, "ನಾಳೆ ಬೆಟ್ಟದಾಚೆ ಹೋಗಿ ಬರೋದ್ರೊಳಗೆ ನನ್ನ ಗಾಡಿ ಒಂದೇ ಒಂದು ಸಲ ಕೈಕೊಟ್ಟು ನಿಂತ್ರೂ ಸಾಕು, ಕೀ ತಂದು ನಾನೇ ನಿನ್ನ ಕೈಲಿಡ್ತೀನಿ. ಆಮೇಲೆ ಯಾರಿಗಾದ್ರೂ ಮಾರ್ಕೋ, ನಾನು ತುಟಿಪಿಟಕ್ ಅನ್ನಲ್ಲ" ಎಂದಾಗ ಸೊಸೆ ಎತ್ತಿದ ತುತ್ತನ್ನು ಮತ್ತೆ ತಟ್ಟೆಗೇ ಇಳಿಸಿದಳು.

"ನಿಲ್ಲದೇ ಹೋದ್ರೆ?" ಎಂದ ಮಗ.

"ನಿಲ್ಲದೇ ಹೋದ್ರೆ ನೀನು ಇನ್ನು ಮೇಲೆ ಈ ವಿಷಯ ಎತ್ತಬಾರದು. ನನ್ನ ವಯಸ್ಸಿನ ವಿಷಯಾನೂ ಎತ್ತಬಾರದು."

ಮಗ ಕೆಟ್ಟವನೇನಲ್ಲ. ವಿಮಾ ಕಂಪನಿಯಲ್ಲಿ ಕೆಲಸ. ದಿನವಿಡೀ ಅಪಘಾತದ ಕಾಗದಗಳನ್ನು ಓದಿ ಓದಿ, ಗೋಡೆಗೆ ಒರಗಿಸಿದ ಏಣಿಯನ್ನು ಕಂಡರೂ ಇದರಿಂದ ಯಾರು ಬೀಳುತ್ತಾರೋ ಎಂದು ಯೋಚಿಸುವ ಸ್ವಭಾವ ಬಂದುಬಿಟ್ಟಿತ್ತು. ತನಗಿಂತ ಹಳೆಯದಾದ ಕಾರಿನಲ್ಲಿ ಎಪ್ಪತ್ತರ ಹತ್ತಿರದ ಅಮ್ಮ ಬೆಟ್ಟದ ರಸ್ತೆಗೆ ಹೋಗುವುದನ್ನು ನೆನೆದರೆ ಅವನಿಗೆ ನಿದ್ದೆ ಬರುತ್ತಿರಲಿಲ್ಲ. ಕೊಳ್ಳುವವರೊಬ್ಬರನ್ನು ಹುಡುಕಿ, ಸೋಮವಾರ ಬಂದು ನೋಡಿ ಎಂದೂ ಹೇಳಿಬಿಟ್ಟಿದ್ದ. ಅಮ್ಮನನ್ನು ಕೇಳದೆ ಹೇಳಿದ್ದ ಎಂಬುದೇ ಈ ರಾದ್ಧಾಂತಕ್ಕೆಲ್ಲ ಮೂಲ.

ಕಾರಿಗೆ ಮನೆಯಲ್ಲಿ ಬಾತುಕೋಳಿ ಎಂದು ಹೆಸರು. ಹಿಂಭಾಗ ಅಗಲ, ಹೋಗುವಾಗ ಎಡಕ್ಕೂ ಬಲಕ್ಕೂ ಓಲಾಟ, ಸ್ಟಾರ್ಟ್ ಮಾಡಿದಾಗ ಗಂಟಲಿನಿಂದ ಬರುವ ಸದ್ದು, ಎಲ್ಲವೂ ಅದನ್ನೇ ಹೇಳುತ್ತಿದ್ದವು. ಅತ್ತೆ ಹೊಲಿಗೆ ಅಂಗಡಿ ಇಟ್ಟಿದ್ದಾಗ ಇದೇ ಬಾತುಕೋಳಿಯ ಹಿಂದಿನ ಸೀಟಿನಲ್ಲಿ ಬಟ್ಟೆಯ ಥಾನು ತುಂಬಿಕೊಂಡು ಓಡಾಡಿದವರು. ಊರಿನ ಅರ್ಧ ಜನರ ಸೊಂಟದ ಅಳತೆ ಅವರಿಗೆ ಈಗಲೂ ಬಾಯಿಪಾಠ, ಬೇಕಾದಾಗ ಅದನ್ನು ಆಯುಧದಂತೆ ಬಳಸುವುದೂ ಉಂಟು. ಅಂಗಡಿ ಮುಚ್ಚಿದ ಮೇಲೆ ಅವರ ಪಾಲಿಗೆ ಉಳಿದದ್ದು ಆ ಸ್ಟೀರಿಂಗ್ ಒಂದೇ.

ಸೊಸೆ ಆ ಮನೆಗೆ ಹೊಸಬಳು. ತಾಯಿ ಮಗನ ಜಗಳದಲ್ಲಿ ಬಾಯಿ ಹಾಕುವಷ್ಟು ಸಲಿಗೆ ಇನ್ನೂ ಬಂದಿರಲಿಲ್ಲ. ಬಾಯಿಗೆ ಬರದಿದ್ದರೇನು, ಕೈಯಲ್ಲಿ ಕೆಲಸವಿತ್ತಲ್ಲ. ಅವಳು ವಾಹನಗಳ ಮೀಟರ್ ರಿಪೇರಿ ಮಾಡುವ ಅಂಗಡಿಯಲ್ಲಿ ದುಡಿಯುವವಳು. ಸ್ಪೀಡೋಮೀಟರ್, ಪೆಟ್ರೋಲಿನ ಮುಳ್ಳು, ಇಂಥವನ್ನು ಬಿಚ್ಚಿ ಕೂಡಿಸುವುದೆಂದರೆ ಅವಳಿಗೆ ಪ್ರಾಣ. ಅಂದು ಸಂಜೆ ಅತ್ತೆ ಸಾಮಾನು ತರಲು ಹೋದಾಗ, ನಾಳೆ ಬಾತುಕೋಳಿ ಎಲ್ಲೂ ನಿಲ್ಲಬಾರದು ಎಂದು ಟೂಲ್ ಪೆಟ್ಟಿಗೆ ಹಿಡಿದು ಶೆಡ್ಡಿಗೆ ಇಳಿದಳು.

ಬೆಲ್ಟು ಬಿಗಿಯಾಗಿತ್ತು. ಬ್ಯಾಟರಿಯಲ್ಲಿ ನೀರಿತ್ತು. ಎಂಜಿನ್ ಆಫ್ ಇದ್ದಾಗಲೇ ಹೆಡ್‌ಲೈಟ್ ಹಾಕಿ ನೋಡಿದಳು. ಡ್ಯಾಶ್‌ಬೋರ್ಡಿನ ಆಂಪ್ ಮೀಟರಿನ ಮುಳ್ಳು ಟಕ್ಕನೆ ಬಲಕ್ಕೆ ಹಾರಿತು.

"ಅಯ್ಯೋ, ಇದೇನೇ ತಾಯಿ!" ಎಂದಳು, ಬಾತುಕೋಳಿಯನ್ನೇ ಉದ್ದೇಶಿಸಿ.

ಆಂಪ್ ಮೀಟರನ್ನು ಬ್ಯಾಟರಿಯ ಬಾಗಿಲಲ್ಲಿ ಕೂತ ಕಾವಲುಗಾರ ಎಂದುಕೊಂಡರೆ ಆಯಿತು. ಸ್ಟಾರ್ಟರ್ ಎಳೆಯುವ ಭಾರಿ ಕರೆಂಟೊಂದನ್ನು ಬಿಟ್ಟರೆ ಹೆಚ್ಚುಕಮ್ಮಿ ಉಳಿದೆಲ್ಲವೂ ಅವನೆದುರೇ ಹಾದುಹೋಗಬೇಕು. ಎಂಜಿನ್ ಓಡುವಾಗ ಡೈನಮೋ ತಯಾರಿಸಿದ ಕರೆಂಟು ಬ್ಯಾಟರಿಯ ಒಳಗೆ ಹೋಗುತ್ತಿದ್ದರೆ ಮುಳ್ಳು ಬಲಕ್ಕೆ, ಬ್ಯಾಟರಿಯಿಂದ ಹೊರಗೆ ಬರುತ್ತಿದ್ದರೆ ಎಡಕ್ಕೆ, ಎರಡೂ ಇಲ್ಲದಿದ್ದರೆ ನಡುವಿನ ಸೊನ್ನೆಯಲ್ಲಿ. ಒಳಗಿನ ಯಂತ್ರವೂ ಬಲು ಸರಳ. ಒಂದು ದಪ್ಪ ಹಿತ್ತಾಳೆ ಪಟ್ಟಿ, ಪಕ್ಕದಲ್ಲೊಂದು ಪುಟ್ಟ ಅಯಸ್ಕಾಂತ. ಪಟ್ಟಿಯಲ್ಲಿ ಕರೆಂಟು ಯಾವ ಕಡೆಗೆ ಹರಿದರೆ ಮುಳ್ಳು ಆ ಕಡೆಗೆ ವಾಲುತ್ತದೆ. ಎಂಜಿನ್ ಮಲಗಿದ್ದು ಲೈಟು ಉರಿಯುವಾಗ ಬ್ಯಾಟರಿ ಖಾಲಿಯಾಗುತ್ತಿರಲೇಬೇಕು, ಮುಳ್ಳು ಎಡಕ್ಕೆ ಹೋಗಲೇಬೇಕು. ಇಲ್ಲಿ ನೋಡಿದರೆ ತದ್ವಿರುದ್ಧ.

ಅವಳು ಡ್ಯಾಶ್‌ಬೋರ್ಡಿನ ಕೆಳಗೆ ಅಂಗಾತ ಮಲಗಿ ಟಾರ್ಚು ಬಿಟ್ಟಳು. ಮೀಟರ್ ಈ ಕಾರಿನದ್ದೇ ಅಲ್ಲ, ಬೇರೆ ಯಾವುದೋ ಕಂಪನಿಯದ್ದು. ಅದರಲ್ಲೇನೂ ತಪ್ಪಿಲ್ಲ. ಆಂಪ್ ಮೀಟರಿಗೆ ಜಾತಿಭೇದ ಇಲ್ಲ. ಗಾಡಿ ಆರು ವೋಲ್ಟಿನದೋ ಹನ್ನೆರಡರದೋ ಎಂದು ಅದು ಕೇಳುವುದಿಲ್ಲ, ಬ್ಯಾಟರಿಯ ಯಾವ ತುದಿಯನ್ನು ಗಾಡಿಯ ಲೋಹದ ಮೈಗೆ ಕಟ್ಟಿದ್ದಾರೆ ಎಂದೂ ಕೇಳುವುದಿಲ್ಲ. ತೂತಿನಲ್ಲಿ ಕೂರುವ ಗಾತ್ರ, ಡೈನಮೋ ಕೊಡುವಷ್ಟು ಕರೆಂಟನ್ನು ತಡೆಯುವ ಶಕ್ತಿ, ಇವೆರಡಿದ್ದರೆ ಯಾವ ಗಾಡಿಯದನ್ನು ಯಾವ ಗಾಡಿಗಾದರೂ ಹಾಕಬಹುದು. ಮುಳ್ಳು ಉಲ್ಟಾ ಓಡಿದರೆ ಬೆನ್ನಿನ ಎರಡು ವೈರುಗಳನ್ನು ಅದಲುಬದಲು ಮಾಡಿದರೆ ಮುಗಿಯಿತು. ಯಾರೋ ಹಾಕಿದವರು ಅಷ್ಟು ಮಾಡದೆ ಬಿಟ್ಟಿದ್ದರು. ಮೀಟರಿನ ಮುಖದ ಮೇಲಿನ ಪ್ಲಸ್ಸು ಮೈನಸ್ಸು ಗುರುತುಗಳು ಬಿಸಿಲಿಗೆ ಎಂದೋ ಅಳಿಸಿಹೋಗಿದ್ದರಿಂದ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಅವಳು ಬ್ಯಾಟರಿಯ ವೈರು ಕಳಚಿ, ಮೀಟರಿನ ಎರಡೂ ನಟ್ಟು ಬಿಚ್ಚಿ, ವೈರುಗಳನ್ನು ಬದಲಿಸಿ ಮತ್ತೆ ಬಿಗಿದಳು. ಎಲ್ಲ ಜೋಡಿಸಿ ಲೈಟು ಹಾಕಿದಾಗ ಮುಳ್ಳು ವಿಧೇಯವಾಗಿ ಎಡಕ್ಕೆ ಹೋಯಿತು, ಎಂಜಿನ್ ಶುರುಮಾಡಿ ರೇಸ್ ಮಾಡಿದಾಗ ಬಲಕ್ಕೆ ಬಂತು. ತನ್ನ ಬೆನ್ನು ತಾನೇ ತಟ್ಟಿಕೊಂಡಳು. ಅತ್ತೆಗೆ ಹೇಳಲಿಲ್ಲ. ಹೇಳಿಬಿಟ್ಟರೆ ಉಪಕಾರದ ಸ್ವಾರಸ್ಯವೇ ಹೋಗುತ್ತದೆ, ನಾಳೆ ಅವರೇ ನೋಡಿ ಹಿಗ್ಗಲಿ ಎಂಬ ಆಸೆ.

ಭಾನುವಾರ ಬೆಳಿಗ್ಗೆ ಹೊರಟರು. ಬೆಟ್ಟದಾಚೆ ಅತ್ತೆಯ ಮಗಳ ಮನೆ. ಅಲ್ಲಿ ಮೊಮ್ಮಗು ಹೆಜ್ಜೆ ಇಡಲು ಕಲಿತಿತ್ತು, ಅದನ್ನು ನೋಡುವ ನೆಪ. ಅತ್ತೆಯ ಪಕ್ಕದಲ್ಲಿ ತೀರ್ಪುಗಾರನ ಗತ್ತಿನಲ್ಲಿ ಮಗ, ಹಿಂದೆ ಚೀಲಗಳ ನಡುವೆ ಸೊಸೆ. ಬಾತುಕೋಳಿ ಕೀ ತಿರುಗಿಸಿದ ಮೊದಲ ಸಲಕ್ಕೇ ಸ್ಟಾರ್ಟ್ ಆಗಿ ಜೋರಾಗಿ ಕೂಗಿತು. ಅತ್ತೆ ಡ್ಯಾಶ್‌ಬೋರ್ಡಿನತ್ತ ಒಮ್ಮೆ ನೋಡಿದರು. ಇನ್ನೊಮ್ಮೆ ನೋಡಿದರು. ಸೊಸೆ ಹಿಂದೆ ಕೂತು, ಈಗ ಹೇಳುತ್ತಾರೆ, ಈಗ ಹೇಳುತ್ತಾರೆ ಎಂದು ಕಿವಿ ನಿಮಿರಿಸಿದಳು. ಅತ್ತೆ ಬೀದಿ ದಾಟುವುದರೊಳಗೆ ತಮ್ಮ ಕರವಸ್ತ್ರವನ್ನು ತೆಗೆದು, ಒಣಗಲು ಹಾಕುವವರಂತೆ ಡ್ಯಾಶ್‌ಬೋರ್ಡಿನ ಮೇಲೆ ಹರವಿಬಿಟ್ಟರು.

ಅಲ್ಲಿಂದ ಶುರುವಾಯಿತು ನೋಡಿ ವಿಚಿತ್ರ.

ಊರಾಚೆ ಕುರಿಮಂದೆಯೊಂದು ರಸ್ತೆಗೆ ಅಡ್ಡ ಬಂತು. ಅತ್ತೆ ಹಾರ್ನ್ ಒತ್ತಲಿಲ್ಲ. ಕಿಟಕಿಯಿಂದ ಅರ್ಧ ದೇಹ ಹೊರಗೆ ಹಾಕಿ, "ಏಯ್, ಸರೀರೋ! ಹೋಯ್! ಹೋಯ್!" ಎಂದು ಬೊಬ್ಬೆ ಹೊಡೆದರು. ಕುರಿಗಳಿಗಿಂತ ಮೊದಲು ಕುರಿ ಕಾಯುವವನು ಬೆಚ್ಚಿ ಹಳ್ಳಕ್ಕೆ ಹಾರಿದ.

"ಅಮ್ಮಾ, ಹಾರ್ನ್ ಇದೆ" ಎಂದ ಮಗ.

"ಪಾಪ, ಮೂಕಪ್ರಾಣಿಗಳು. ಹೆದರ್ಕೋತಾವೆ."

ಮುಂದೆ ತುಂತುರು ಹನಿಯಿತು. ವೈಪರ್ ಹಾಕದೆ ಅತ್ತೆ ಕೈ ಹೊರಗೆ ಚಾಚಿ ಅಂಗೈಯಿಂದಲೇ ಗಾಜು ಒರೆಸುತ್ತಾ ಓಡಿಸಿದರು. ಇಳಿಜಾರು ಬಂದಾಗ ಬ್ರೇಕಿನ ಮೇಲೆ ಕಾಲಿಡಲೇ ಇಲ್ಲ. ಬ್ರೇಕ್ ಒತ್ತಿದರೆ ಹಿಂದಿನ ಕೆಂಪು ದೀಪ ಹತ್ತುತ್ತದಲ್ಲ! ಎರಡನೇ ಗೇರಿಗೆ ಇಳಿಸಿ, ಎಂಜಿನ್ ಗೋಳಾಡುತ್ತಿದ್ದರೂ ಕೇಳದೆ, ಬುಡದ ತನಕ ಹಾಗೇ ಜಾರಿಸಿಕೊಂಡು ಹೋದರು. ಮಗನ ಜೀವ ಬಾಯಿಗೆ ಬಂದಿತ್ತು. ಎರಡೂ ಕೈಯಲ್ಲಿ ಸೀಟು ಹಿಡಿದುಕೊಂಡು ಬೆವರುತ್ತಿದ್ದ.

ಅತ್ತೆ ಹೂ ಮಾರುವವಳ ಹತ್ತಿರ ಗಾಡಿ ನಿಧಾನಿಸಿ, ಎಂಜಿನ್ ಆರಿಸದೆ, ಮಗಳಿಗೆಂದು ಹೂಗೊಂಚಲು ಆರಿಸತೊಡಗಿದಾಗ ಅವನು ಹಿಂದಕ್ಕೆ ತಿರುಗಿ ಹೆಂಡತಿಗೆ ಪಿಸುಗುಟ್ಟಿದ.

"ನೋಡಿದ್ಯಾ? ಹಾರ್ನ್ ಎಲ್ಲಿದೆ, ವೈಪರ್ ಎಲ್ಲಿದೆ ಅನ್ನೋದೇ ಮರೆತುಹೋಗಿದೆ ಅಮ್ಮಂಗೆ. ಗಾಡಿ ನಿಲ್ಲೋದು ಬೇಡ ಕಣೇ, ಇಷ್ಟೇ ಸಾಕು."

ಅವನ ದನಿಯಲ್ಲಿ ಗೆದ್ದ ಸಂತೋಷ ಎಳ್ಳಷ್ಟೂ ಇರಲಿಲ್ಲ. ತನ್ನ ಮಾತೇ ನಿಜವಾಯಿತಲ್ಲ ಎಂದು ಅಳುವವನಂತಿದ್ದ. ಸೊಸೆಗೂ ಅರ್ಥವಾಗಲಿಲ್ಲ. ನಿನ್ನೆಯ ತನಕ ಬಾಣದಂತೆ ಓಡಿಸುತ್ತಿದ್ದ ಅತ್ತೆಗೆ ರಾತ್ರಿ ಕಳೆಯುವುದರೊಳಗೆ ಇದೇನಾಯಿತು?

ಬೆಟ್ಟದ ಮೊದಲು ಪೆಟ್ರೋಲ್ ಹಾಕಿಸಬೇಕಿತ್ತು. ಮೊದಲ ಬಂಕು ಬಂದಾಗ ಅತ್ತೆ ಕ್ಯೂ ಉದ್ದ ಇದೆ ಎಂದರು. ಇದ್ದದ್ದು ಒಂದು ಸ್ಕೂಟರ್. ಎರಡನೆಯದು ಬಂದಾಗ ಅಲ್ಲಿನವರ ಮುಖಲಕ್ಷಣ ಸರಿಯಿಲ್ಲ ಎಂದರು. ಮೂರನೆಯದು ಕೊನೆಯ ಬಂಕು. ಅದಾದ ಮೇಲೆ ಬರೀ ಬೆಟ್ಟ. ಮಗ ಪಟ್ಟುಹಿಡಿದ ಮೇಲೆ ಅತ್ತೆ ವಿಧಿಯಿಲ್ಲದೆ ಒಳಗೆ ತಿರುಗಿಸಿದರು. ಸಪಾಟು ನೆಲ, ಸುತ್ತ ಎಲ್ಲೂ ಇಳಿಜಾರೆಂಬುದು ಇಲ್ಲ. ಮಗ ಮುಖ ತೊಳೆಯಲು ನಲ್ಲಿಯ ಕಡೆ ಹೋದ.

"ಎಂಜಿನ್ ಆಫ್ ಮಾಡಿ ಅಮ್ಮಾ" ಎಂದ ಪೆಟ್ರೋಲ್ ಹಾಕುವವನು.

"ಹಾಗೇ ಹಾಕಪ್ಪಾ, ಏನಾಗಲ್ಲ."

"ಏನಾಗುತ್ತೆ ಅಂತ ನೋಡೋಕೆ ನಾನು ರೆಡಿ ಇಲ್ಲ ಅಮ್ಮಾ. ಆಫ್ ಮಾಡಿ."

ಅತ್ತೆಯ ಕೈ ಕೀಲಿಯ ಹತ್ತಿರ ಹೋಗಿ ವಾಪಸು ಬಂತು. ಕಿವಿಯ ಹಿಂದೆ ಬೆವರು ಇಳಿಯುತ್ತಿತ್ತು. ಅಂಗಡಿಗೆ ಬಂದ ಎಂಥೆಂಥ ಗಿರಾಕಿಗಳನ್ನೂ ಒಂದೇ ನೋಟಕ್ಕೆ ಕೂರಿಸುತ್ತಿದ್ದ ಹೆಂಗಸು ಹೀಗೆ ಹಿಂಜರಿಯುವುದನ್ನು ಸೊಸೆಗೆ ನೋಡಲಾಗಲಿಲ್ಲ. ಮುಂದಕ್ಕೆ ಬಾಗಿ ಅವರ ಹೆಗಲು ಮುಟ್ಟಿದಳು.

"ಏನಾಯ್ತು ಅತ್ತೆ?"

ಅತ್ತೆ ನಲ್ಲಿಯ ಕಡೆ ಕಣ್ಣಿಟ್ಟು, ದನಿ ತಗ್ಗಿಸಿ, "ಡೈನಮೋ ಸತ್ತಿದೆ ಕಣೇ" ಎಂದರು. ಕರವಸ್ತ್ರದ ತುದಿ ಎತ್ತಿ ತೋರಿಸಿದರು. "ಹೊರಟಾಗಿನಿಂದ ಮುಳ್ಳು ಬಲಕ್ಕೇ ಕೂತಿದೆ. ಬ್ಯಾಟರಿ ಸೋರ್ತಾನೇ ಇದೆ. ಒಂದು ಲೈಟ್ ಹಾಕಿಲ್ಲ, ಹಾರ್ನ್ ಹೊಡೆದಿಲ್ಲ, ಹೇಗೋ ಉಳಿಸ್ಕೊಂಡು ಬಂದೆ. ಇಲ್ಲಿ ಆರಿಸಿದ್ರೆ ಮತ್ತೆ ಏಳಲ್ಲ ಇದು, ಉರುಳಿಸಿ ಎಬ್ಬಿಸೋಕೆ ಇಳಿಜಾರೂ ಇಲ್ಲ. ಕೀ ಕೊಟ್ಟುಬಿಡಬೇಕು ಅವನಿಗೆ."

ಬೆಳಗಿನಿಂದ ಕಂಡ ಒಂದೊಂದೂ, ಆ ಕೂಗು, ಆ ಅಂಗೈ, ಆ ಎರಡನೇ ಗೇರು, ಸಾಲಾಗಿ ಬಂದು ಸೊಸೆಯ ಮುಂದೆ ನಿಂತವು. ಎಲ್ಲಕ್ಕೂ ಕಾರಣ ತಾನೇ.

"ಅತ್ತೆ, ಬಲಕ್ಕೆ ಅಂದ್ರೆ ತುಂಬ್ತಾ ಇದೆ ಅಂತ ಅರ್ಥ. ಸೋರ್ತಾ ಇಲ್ಲ."

"ಬೇರೆ ಗಾಡೀಲಿ ಇರಬಹುದು. ಇದರಲ್ಲಿ ಎಡಕ್ಕಿದ್ರೆ ಕ್ಷೇಮ. ಇಪ್ಪತ್ತು ವರ್ಷದಿಂದ ನೋಡ್ತಿದ್ದೀನಿ, ನಂಗೆ ಹೇಳ್ಕೊಡಬೇಡ."

"ನಿನ್ನೆವರೆಗೂ ಹಾಗೇ ಇತ್ತು ಅತ್ತೆ. ಹಿಂದಿನ ವೈರು ಉಲ್ಟಾ ಇದ್ವು. ನಿನ್ನೆ ಸಂಜೆ... ನಾನು ಬದಲಾಯಿಸಿದೆ. ನಿಮಗೆ ಖುಷಿಯಾಗುತ್ತೆ ಅಂದ್ಕೊಂಡು ಹೇಳ್ಲಿಲ್ಲ. ಯಾರೋ ಮೆಕ್ಯಾನಿಕ್ ತಪ್ಪಾಗಿ ಹಾಕಿದ್ದ ಅನ್ಸುತ್ತೆ."

ಅತ್ತೆ ನಿಧಾನವಾಗಿ ತಿರುಗಿದರು.

"ಯಾವ ಮೆಕ್ಯಾನಿಕ್ಕೂ ಅಲ್ಲ. ಹಾಕಿದ್ದು ನಾನು."

ಸೊಸೆ ನಾಲಿಗೆ ಕಚ್ಚಿಕೊಂಡಳು.

"ಮೊದಲಿನ ಮೀಟರ್ ಸುಟ್ಟುಹೋಗಿತ್ತು. ಗುಜರಿಯಿಂದ ಇನ್ಯಾವುದೋ ಗಾಡೀದು ತಂದೆ. ತೂತಿಗೆ ಸರಿಯಾಗಿ ಕೂತ್ಕೊಂತು, ಕಾಜಾಗೆ ಗುಂಡಿ ಕೂತ ಹಾಗೆ. ಎಷ್ಟು ಹಿಗ್ಗಿದ್ದೆ ಗೊತ್ತಾ ಅವತ್ತು! ಮುಳ್ಳು ಉಲ್ಟಾ ಓಡ್ತು. ಎಡಗೈಯವರಿಗೆ ಅಂತಾನೇ ಕತ್ತರಿ ಬರೋಲ್ವಾ, ಹಾಗೇ ಇದೂ ಎಡಗೈ ಮೀಟರು ಇರಬೇಕು ಅಂದ್ಕೊಂಡೆ."

ಬೇರೆ ಹೊತ್ತಾಗಿದ್ದರೆ ಸೊಸೆ ಬಿದ್ದು ಬಿದ್ದು ನಗುತ್ತಿದ್ದಳು. ಈಗ ಕೈಕೈ ಹಿಸುಕಿಕೊಂಡಳು. ಹಿಂದೆ ಲಾರಿಯೊಂದು ಬಂದು ನಿಂತು ಹಾರ್ನ್ ಹೊಡೆಯಿತು. ಪೆಟ್ರೋಲ್ ಹಾಕುವವನು ಬಾನೆಟ್ ಮೇಲೆ ಬೆರಳು ತಟ್ಟಿದ.

"ಒಂದು ಸಲ ಲೈಟ್ ಹಾಕಿ ನೋಡಿ ಅತ್ತೆ, ಮುಳ್ಳು ಎಡಕ್ಕೆ ಹೋಗುತ್ತೆ. ಆಗ ನಿಮಗೇ ಗೊತ್ತಾಗುತ್ತೆ."

"ಲೈಟೂ ಬೇಡ, ಪರೀಕ್ಷೇನೂ ಬೇಡ" ಎಂದರು ಅತ್ತೆ. "ಮೀಟರು ನಿನ್ನ ಕಸುಬು ತಾನೇ? ನನ್ನ ಮುಖ ನೋಡಿ ಹೇಳು. ಆರಿಸಿದ್ರೆ ಮತ್ತೆ ಏಳುತ್ತಾ?"

ಆ ಗಳಿಗೆಯಲ್ಲಿ ಸೊಸೆಗೆ ತನ್ನ ಮೇಲೇ ಅನುಮಾನ ಹುಟ್ಟಿತು. ಬ್ಯಾಟರಿಯ ಕ್ಲಾಂಪನ್ನು ಸರಿಯಾಗಿ ಬಿಗಿದೆನಾ? ಮೀಟರಿನ ಎರಡನೇ ನಟ್ಟಿಗೆ ವಾಷರ್ ಹಾಕಿದೆನಾ? ಹಾಕಿದ್ದೆ. ಹಾಕಿದ್ದೆನಾ? ಅಂಗಡಿಯಲ್ಲಿ ಅಷ್ಟು ಮೀಟರುಗಳನ್ನು ಕೂಡಿಸಿದ ಕೈ ಈಗ ಸೀಟಿನ ಅಂಚನ್ನು ಗಟ್ಟಿಯಾಗಿ ಹಿಡಿದಿತ್ತು.

"ಏಳುತ್ತೆ ಅತ್ತೆ" ಎಂದಳು.

ಅತ್ತೆ ಅವಳನ್ನು ನೋಡಿದರು, ಬಟ್ಟೆಯ ಮೇಲೆ ಕತ್ತರಿ ಇಡುವ ಮುನ್ನ ನೋಡುವ ಹಾಗೆ. ಆಮೇಲೆ ಕೀ ತಿರುಗಿಸಿ ಎಂಜಿನ್ ಆರಿಸಿಬಿಟ್ಟರು.

ಬಾತುಕೋಳಿ ಒಮ್ಮೆ ಮೈ ಕೊಡವಿ ಸುಮ್ಮನಾಯಿತು. ಪೆಟ್ರೋಲ್ ಬೀಳುವ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಮಗ ಮುಖ ಒರೆಸಿಕೊಳ್ಳುತ್ತಾ ಬಂದು ಪಕ್ಕದಲ್ಲಿ ಕೂತಾಗ ಅವನ ಕಡೆ ಇಬ್ಬರೂ ತಿರುಗಿಯೂ ನೋಡಲಿಲ್ಲ. ಟ್ಯಾಂಕಿನ ಮುಚ್ಚಳ ಬಿತ್ತು. ಅತ್ತೆ ಕಣ್ಣು ಮುಚ್ಚಿ ಕೀ ತಿರುಗಿಸಿದರು.

ಅರ್ಧ ಸುತ್ತಿಗೇ ಎಂಜಿನ್ ಎದ್ದು ಗದ್ದಲ ಮಾಡಿತು. ಎಷ್ಟು ಬೇಗ ಎದ್ದಿತೆಂದರೆ ಅತ್ತೆ ಇನ್ನೂ ಕಣ್ಣನ್ನೇ ತೆರೆದಿರಲಿಲ್ಲ.

"ಆಹಾ!" ಎಂದು ಕೂಗಿದರು ಅತ್ತೆ. ಕರವಸ್ತ್ರ ಕಿತ್ತು ಹಿಂದಕ್ಕೆ ಎಸೆದರು, ಅದು ಸೊಸೆಯ ಮುಖದ ಮೇಲೆ ಬಿತ್ತು. ಲೈಟು ಹಾಕಿದರು, ಮುಳ್ಳು ಎಡಕ್ಕೆ. ಆರಿಸಿ ಆಕ್ಸಿಲರೇಟರ್ ಒತ್ತಿದರು, ಬಲಕ್ಕೆ. ಮತ್ತೆ ಹಾಕಿದರು, ಮತ್ತೆ ಆರಿಸಿದರು. "ನೋಡೇ ಇವಳೇ, ಹೇಳಿದ ಹಾಗೆ ಕೇಳುತ್ತೆ!" ಎಂದು ನಗತೊಡಗಿದವರು ಕಣ್ಣಲ್ಲಿ ನೀರು ಬಂದರೂ ನಿಲ್ಲಿಸಲಿಲ್ಲ. ಸೊಸೆಗೂ ತಡೆಯಲಾಗಲಿಲ್ಲ. ಹಿಂದಿನ ಲಾರಿಯವನು ಹಾರ್ನಿನ ಮೇಲೆ ಕೈಯಿಟ್ಟವನು ತೆಗೆಯಲೇ ಇಲ್ಲ. ಅತ್ತೆ ತಾವೂ ಮೂರು ಸಲ ಹಾರ್ನ್ ಹೊಡೆದು ಅವನಿಗೆ ಉತ್ತರ ಕೊಟ್ಟು ಗಾಡಿ ಮುಂದಕ್ಕೆ ತೆಗೆದರು.

"ಏನಾಯ್ತು ನಿಮ್ಮಿಬ್ಬರಿಗೂ?" ಎಂದ ಮಗ, ಒಮ್ಮೆ ಅವರನ್ನು, ಒಮ್ಮೆ ಇವಳನ್ನು ನೋಡುತ್ತಾ.

ಅತ್ತೆ ಮುಚ್ಚಿಡಲಿಲ್ಲ. ತಾವು ಮೀಟರ್ ಹಾಕಿದ್ದರಿಂದ ಹಿಡಿದು ಕುರಿಗಳಿಗೆ ಬೊಬ್ಬೆ ಹೊಡೆದಿದ್ದರ ತನಕ ಎಲ್ಲವನ್ನೂ ಹೇಳಿದರು, ಎಡಗೈ ಕತ್ತರಿಯನ್ನೂ ಬಿಡಲಿಲ್ಲ. ಸೊಸೆ ಮುದುಡಿ ಕೂತು, "ಮನೆಗೆ ಹೋದ ತಕ್ಷಣ ಮೊದಲಿನ ಹಾಗೇ ಹಾಕಿಕೊಡ್ತೀನಿ ಅತ್ತೆ" ಎಂದಳು.

"ಹೌದಮ್ಮಾ" ಎಂದ ಮಗ. "ಇಷ್ಟು ವರ್ಷದ ಅಭ್ಯಾಸ. ಈಗ ಹೋಗಿ ಹೊಸದಾಗಿ..."

"ಯಾಕೋ? ಬಲಕ್ಕೆ ಅಂದ್ರೆ ಜಮಾ, ಎಡಕ್ಕೆ ಅಂದ್ರೆ ಖರ್ಚು. ಇಷ್ಟು ಕಲಿಯೋಕೆ ನಾನೇನು ಕಾಲೇಜಿಗೆ ಹೋಗಬೇಕಾ? ಇರ್ಲಿ ಹಾಗೇ. ತಪ್ಪು ಹೊಲಿಗೆ ಬಿಚ್ಚಿದ ಮೇಲೆ ಮತ್ತೆ ತಪ್ಪಾಗೇ ಹೊಲಿ ಅಂತಾರಾ ಯಾರಾದ್ರೂ?"

ಬೆಟ್ಟದ ತಿರುವುಗಳನ್ನು ಬಾತುಕೋಳಿ ಓಲಾಡುತ್ತಾ ಹತ್ತಿತು. ಪ್ರತಿ ತಿರುವಿಗೂ ಹಾರ್ನು. ಹನಿ ನಿಂತು ಬಿಸಿಲು ಬಂದಿದ್ದರೂ ಅತ್ತೆ ಒಮ್ಮೆ ವೈಪರ್ ಹಾಕಿ, ಅದು ಗಾಜಿನ ಮೇಲೆ ಕಿರುಗುಟ್ಟುವುದನ್ನು ಕೇಳಿ ಸಂತೋಷಪಟ್ಟು ಆರಿಸಿದರು. ಸೊಸೆ ಕಿಟಕಿಗೆ ತಲೆ ಒರಗಿಸಿದಳು. ಮದುವೆಯಾಗಿ ಬಂದಾಗಿನಿಂದ ಈ ಮನೆಯಲ್ಲಿ ಇಷ್ಟು ಹಗುರವಾಗಿ ಉಸಿರಾಡಿದ್ದೇ ಇಲ್ಲ ಎನ್ನಿಸಿತು.

ಬೆಟ್ಟದ ನೆತ್ತಿ ದಾಟಿ ನೇರ ರಸ್ತೆಯಲ್ಲಿ ಅತ್ತೆ ವೇಗ ಹೆಚ್ಚಿಸಿದ್ದೇ ತಡ, ಮಗ ಸೀಟಿನಿಂದ ಅರ್ಧ ಎದ್ದು, "ಅಮ್ಮಾ! ನಿಲ್ಸು, ನಿಲ್ಸು! ಮುಳ್ಳು ಬಲಕ್ಕೆ ಹೋಯ್ತು!" ಎಂದು ಕಿರುಚಿದ.

ಗಾಡಿ ನಿಲ್ಲಲಿಲ್ಲ.

ಅತ್ತೆ ರಸ್ತೆಯಿಂದ ಕಣ್ಣು ಕೀಳದೆ, ಬಲು ಮೃದುವಾಗಿ, "ಸೊಸೆಯೇ, ನಿನ್ನ ಗಂಡನಿಗೆ ವಯಸ್ಸಾಯ್ತು ಕಣೇ" ಎಂದರು. "ಹೊಸದು ಯಾವುದೂ ತಲೆಗೆ ಹೋಗ್ತಿಲ್ಲ. ಯಾರಾದ್ರೂ ಕೊಳ್ಳೋರು ಇದ್ರೆ ನೋಡು."

ಸೊಸೆ ಕರವಸ್ತ್ರವನ್ನು ಬಾಯಿಗೆ ತುರುಕಿಕೊಂಡಳು. ಗಂಡನ ಕಿವಿ ಕೆಂಪಗಾಯಿತು. ಚಿಕ್ಕಂದಿನಲ್ಲಿ ಈ ಮುಳ್ಳನ್ನು ಅವನಿಗೆ ಓದಲು ಕಲಿಸಿದವರೇ ಅಮ್ಮ. ಎಡಕ್ಕಿದ್ದರೆ ಕ್ಷೇಮ ಎಂದು ಹೇಳಿಕೊಟ್ಟಿದ್ದನ್ನು ಅವನು ಇಂದಿಗೂ ಬಿಟ್ಟಿರಲಿಲ್ಲ, ಅಮ್ಮ ಒಂದು ಪೆಟ್ರೋಲ್ ಬಂಕಿನಲ್ಲೇ ಬಿಟ್ಟುಬಂದಿದ್ದರು. ಅವನು ಸ್ವಲ್ಪ ಹೊತ್ತು ಮುಳ್ಳನ್ನೇ ನೋಡುತ್ತಿದ್ದ. ಮೊದಲು ಭುಜ ಅಲುಗಿತು, ಆಮೇಲೆ ನಗು ಬಂತು, ಹಣೆಯನ್ನು ಡ್ಯಾಶ್‌ಬೋರ್ಡಿಗೆ ಒತ್ತಿಕೊಂಡು ನಕ್ಕ.

ಮಗಳ ಮನೆಯ ಗೇಟಿನ ಮುಂದೆ ಬಾತುಕೋಳಿ ನಿಂತಾಗ ಮೊಮ್ಮಗು ಅಂಗಳದಲ್ಲಿ ಬೀಳುತ್ತಾ ಏಳುತ್ತಾ ಓಡಿಬಂತು. ಅತ್ತೆ ಹೂಗೊಂಚಲು ಹಿಡಿದು ಇಳಿದರು. ಮಗ ಇಳಿಯಲಿಲ್ಲ. ಫೋನ್ ಹೊರಗೆ ತೆಗೆದು ಕಿವಿಗಿಟ್ಟುಕೊಂಡ.

"ಯಾರಿಗೋ ಅದು?" ಎಂದರು ಅತ್ತೆ ಗೇಟಿನಿಂದಲೇ. ಯಾರಿಗೆಂದು ಅವರಿಗೆ ಗೊತ್ತಾಗಿತ್ತು. "ಇನ್ನೂ ವಾಪಸ್ ಹೋಗೋದಿದೆಯಲ್ಲೋ. ಮಾತು ಅಂದ್ರೆ ಮಾತು."

"ವಾಪಸ್ಸಿನ ಕತೆ ಬಿಡಮ್ಮ" ಎಂದ ಮಗ. "ಇಪ್ಪತ್ತು ವರ್ಷ ಕಣ್ಣಾರೆ ಕಂಡಿದ್ದನ್ನ ಬದಿಗಿಟ್ಟು, ಇವಳ ಒಂದು ಮಾತಿಗೆ ಎಂಜಿನ್ ಆರಿಸಿದ್ಯಲ್ಲ. ನಾನಾಗಿದ್ರೆ ಆರಿಸ್ತಿರಲಿಲ್ಲ."

ಅತ್ತೆ ಗೊಂಚಲಿನಿಂದ ಒಂದು ಹೂ ಕಿತ್ತು ಮೊಮ್ಮಗುವಿನ ಕೈಗಿಟ್ಟರು. ಆ ಕಡೆಯಿಂದ ಯಾರೋ ಫೋನ್ ಎತ್ತಿದರು. ಚೀಲಗಳನ್ನು ಇಳಿಸುತ್ತಿದ್ದ ಸೊಸೆ ಕೈ ನಿಲ್ಲಿಸಿ ಕೇಳಿಸಿಕೊಂಡಳು.

"ಹಲೋ, ನಾಳೆ ಬರೋದು ಬೇಡ ಸಾರ್. ಗಾಡಿ ಕೊಡ್ತಾ ಇಲ್ಲ" ಎಂದ ಮಗ. "ಇಲ್ಲ ಇಲ್ಲ, ಗಾಡಿಗೆ ಏನೂ ಆಗಿಲ್ಲ, ಚೆನ್ನಾಗಿದೆ. ಓಡಿಸೋರು ಇದ್ದಾರೆ."